ನಮ್ಮ ಕಾಳು ಕಚ್ಚೋದು ಬಿಟ್ಟ ಕತೆ

"ಆ ನಾಯಿ ಯಾರಿಗಾದ್ರೂ ಕೊಟ್ಟಾಕು" ಅಂತ ಹೇಳದವರು ನಮ್ಮ ಕೇರಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವರಲ್ಲೇ ಇಬ್ಬರು ಕಳೆದ ತಿಂಗಳು ತಮ್ಮ ನಾಯಿಗಳನ್ನ ಹಿಡ್ಕೊಂಡು ನಮ್ಮ ಅಂಗಳಕ್ಕೆ ಬಂದು, "ನೀ ಎಂತ ಮಾಡಿದ್ದೆ ಹೇಳು" ಅಂತ ಕೇಳಿ ಹೋದರು. ಅದಕ್ಕೇ ಬರೆಯಲು ಕೂತೆ. ನಾಯಿ ಸಾಕಿದವರಿಗೆ ಗೊತ್ತಿರುವುದನ್ನ ಮತ್ತೆ ಹೇಳೋದಿಲ್ಲ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಅನ್ನೋದೇ ಹೆಚ್ಚು ಇರುತ್ತದೆ.

ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಮನೆ, ತೋಟ. ಕಾಳು ಮುಧೋಳ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಈ ನಾಯಿಯ ಚಿತ್ರ ಬಂದಾಗಿನಿಂದ ನನಗೆ ಆಸೆ ಇತ್ತು. ದೀಪಾವಳಿ ಹೊತ್ತಿಗೆ ಎರಡು ತಿಂಗಳ ಮರಿ ತಂದೆ, ಒಂಬತ್ತು ಸಾವಿರವೋ ಹತ್ತೋ ಕೊಟ್ಟ ನೆನಪು. ಎಂಟು ತಿಂಗಳಾಗುವವರೆಗೆ ಮಕ್ಕಳ ಜೊತೆ ಜಗಲಿಯ ಮೇಲೆ ಮಲಗುತ್ತಿದ್ದ ನಾಯಿ, ಮಳೆಗಾಲ ಹಿಡಿಯುತ್ತಿದ್ದಂತೆ ಬೇರೆಯೇ ಆಗಿಬಿಟ್ಟ. ಬಟ್ಟಲ ಹತ್ತಿರ ಯಾರಾದರೂ ಹಾದರೆ ಮೈ ಸೆಟೆದು ನಿಲ್ಲುತ್ತಿದ್ದ, ಗುರ್ ಅನ್ನುತ್ತಿದ್ದ. ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯಲು, ಮಳೆಗೆ ತಲೆ ಬೆನ್ನು ಮುಚ್ಚುವ ಕೊಪ್ಪೆ ಹಾಕಿಕೊಂಡು ಬಂದ ಕೊನೆಗೌಡನನ್ನ (ಮರ ಹತ್ತಿ ಅಡಿಕೆ ಕೊನೆ ಇಳಿಸುವವ) ದಣಪೆ ಗೇಟಿನವರೆಗೂ ಅಟ್ಟಿಸಿಕೊಂಡು ಹೋದ. ಆ ದಿನ ಮದ್ದು ಹೊಡೆಯೋ ಕೆಲಸ ಅಲ್ಲಿಗೇ ನಿಂತಿತು. ಮಳೆ ಒಂದು ಗಳಿಗೆ ಬಿಡುವು ಕೊಟ್ಟಾಗ ಕೊನೆಗೌಡ ತಿರುಗಿ ಹೋದರೆ ಎಷ್ಟು ನಷ್ಟ ಅಂತ ತೋಟ ಇದ್ದವರಿಗೆ ಗೊತ್ತು.

"ಗುರ್ ಅಂದ ಕೂಡಲೇ ಹೊಡಿ, ಇಲ್ದಿದ್ರೆ ತಲೆ ಮೇಲೆ ಕೂರ್ತು" ಅಂದರು ಕೇರಿಯವರು. ಹೊಡೆದೆ. ಎರಡು ವಾರದಲ್ಲಿ ಗುರುಗುಟ್ಟೋದು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಮೂರನೇ ವಾರ ತಂಗಿಯ ಮಗ ಬಟ್ಟಲ ಪಕ್ಕ ಬಿದ್ದ ಚೆಂಡು ಎತ್ತಲು ಹೋದಾಗ ಕಾಳು ಒಂದು ಸದ್ದೂ ಮಾಡದೆ ಅವನ ಕೈಗೆ ಬಾಯಿ ಹಾಕಿದ. ಬಚ್ಚಲಲ್ಲಿ ಸೋಪು ಹಚ್ಚಿ ಕಾಲು ಗಂಟೆ ನೀರು ಬಿಟ್ಟು ತೊಳೆದು, ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಕಾಳುಗೆ ರೇಬೀಸ್ ಲಸಿಕೆ ಆಗಿತ್ತು. ಆದರೂ ರಕ್ತ ಬಂದಿದ್ದರಿಂದ ಗಾಯದ ಸುತ್ತ ರೇಬೀಸ್ ತಡೆಯುವ ಸೀರಮ್ ಚುಚ್ಚಿದರು, ಮೇಲೆ ಲಸಿಕೆಗೆ ಅಂತ ಮತ್ತೆ ಮತ್ತೆ ಓಡಾಟ. ಬೆಟ್ಟಕ್ಕೆ ಬಿಟ್ಟ ದನದ ಕೊರಳ ಗಂಟೆ ಕಿತ್ತರೆ ಅದು ಎಲ್ಲಿದೆ ಅಂತ ತಿಳಿಯೋದಿಲ್ಲ. ಗುರುಗುಟ್ಟಿದ್ದಕ್ಕೆ ಹೊಡೆದು ನಾನು ಮಾಡಿದ್ದು ಅದೇ. ಆ ಹುಡುಗನ ಕೈ ನೋಡಿದಾಗೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಆಯಿ, ಅಂದರೆ ನನ್ನ ಅಮ್ಮ, ಅವತ್ತೇ ಹೇಳಿದಳು, "ತಮಾ, ಕಚ್ಚಿದ ನಾಯಿ ಮನೇಲಿ ಇಟ್ಕಂಬಲಾಗ (ಇಟ್ಟುಕೊಳ್ಳಬಾರದು)."

ಆಮೇಲೆ ಹೊರಗಿನಿಂದ ಒಬ್ಬ ತರಬೇತಿದಾರನನ್ನ ಕರೆಸಿದೆ. ತಿಂಗಳಿಗೆ ಎಂಟು ಸಾವಿರ, ಮುಂಗಡ. ಕುತ್ತಿಗೆ ಬಿಗಿಯುವ ಚೈನು ಹಾಕಿ, ನಾಯಿಯನ್ನ ನೆಲಕ್ಕೆ ಒತ್ತಿ ಹಿಡಿಯೋದು ಅವನ ವಿದ್ಯೆ. ಹತ್ತು ದಿನ ಬಂದಿರಬಹುದು. ಅವನ ಬೈಕಿನ ಸದ್ದು ಕೇಳಿದರೆ ಕಾಳು ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ, ಅವನು ಹೋದ ಮೇಲೆ ನಮ್ಮ ಮೇಲೆ ಎರಗುತ್ತಿದ್ದ. ಸಾಕು ಅಂದೆ. ದುಡ್ಡು ವಾಪಸ್ ಬರಲಿಲ್ಲ. ಮುಂದಿನ ಇಪ್ಪತ್ತು ದಿನ ಕೊಟ್ಟಿಗೆ ಕಂಬಕ್ಕೆ ಕಟ್ಟಿದೆ, ಅದು ಇನ್ನೂ ಕೆಟ್ಟದ್ದು. ಹೆದರಿದ ನಾಯಿಗೆ ದೂರ ಸರಿಯಲು ಜಾಗವೇ ಇಲ್ಲದಿದ್ದರೆ ಹಲ್ಲು ಒಂದೇ ಉಳಿಯೋದು.

ಹುರುಪು ಇಳಿಯಲಿ ಅಂತ ಮಂಗ ಓಡಿಸಲು ತೋಟಕ್ಕೆ ಬಿಟ್ಟೂ ನೋಡಿದೆ. ಬೆಳಿಗ್ಗೆ ಮಂಗನ ಹಿಂದೆ ಓಡಿದ ದಿನ ಸಂಜೆವರೆಗೂ ಅವನ ಕಣ್ಣು ತಣ್ಣಗಾಗುತ್ತಿರಲಿಲ್ಲ, ಬಾಗಿಲ ಸದ್ದಿಗೂ ಹಾರುತ್ತಿದ್ದ. ದಣಿದರೆ ಶಾಂತವಾಗುತ್ತದೆ ಅನ್ನೋದು ಈ ವಯಸ್ಸಿನಲ್ಲಿ ಅರ್ಧ ಸುಳ್ಳು. ಅವನಿಗೆ ಬೇಕಾಗಿದ್ದು ನಿದ್ದೆ. ಮಧ್ಯಾಹ್ನ ಅಡಿಕೆ ಚೀಲ ಇಡುವ ಕೋಣೆಯಲ್ಲಿ ಕತ್ತಲು ಮಾಡಿ ಮಲಗಿಸಲು ಶುರು ಮಾಡಿದ ಮೇಲೆ ಸಂಜೆಯ ಕಾಟ ಮೊದಲು ಕಡಿಮೆಯಾಯಿತು.

ದೊಡ್ಡ ತಿರುವು ಸಿಕ್ಕಿದ್ದು ಪಶುವೈದ್ಯರ ಹತ್ತಿರ. ಬೀಜ ತೆಗೆಸಿದರೆ ಸರಿ ಹೋಗುತ್ತಾ ಅಂತ ಕೇಳಲು ಹೋಗಿದ್ದೆ. ಹೆದರಿಕೆಯಿಂದ ಕಚ್ಚುವ ನಾಯಿಗೆ ಅದೊಂದರಿಂದಲೇ ಗುಣವಾಗುತ್ತದೆ ಅಂತ ಹೇಳಲಾಗದು ಅಂದರು, ಕಿವಿ ಮಡಚಿ ನೋಡಿದರು. ನಮ್ಮ ಮಳೆಗೆ ಜೋತುಬಿದ್ದ ಕಿವಿಯೊಳಗೆ ಬೂಸ್ಟು ಹಿಡಿದು ಕೆಂಪಗೆ ಊದಿಕೊಂಡಿತ್ತು! ತಲೆ ಮುಟ್ಟಿದರೆ ಹಲ್ಲು ತೋರಿಸುತ್ತಿದ್ದುದು ಸೊಕ್ಕಿಗಲ್ಲ. ಹತ್ತು ಹದಿನೈದು ದಿನ ಕಿವಿಗೆ ಹನಿ ಹಾಕಿದೆವು, ಎಲ್ಲ ಸೇರಿ ಸಾವಿರದ ಐದುನೂರು ಆಗಿರಬೇಕು. ಎಂಟು ಸಾವಿರ ಕೊಡುವ ಮೊದಲು ಈ ಕೆಲಸ ಮಾಡಬೇಕಿತ್ತು.

ಇನ್ನು ನನ್ನ ವಿಧಾನ. ಜಗಲಿಗೆ ಅಡ್ಡವಾಗಿ ಅಡಿಕೆ ಮರ ಸೀಳಿದ ದಬ್ಬೆಯ ಗೇಟು ಕಟ್ಟಿದೆ. ಊಟ ಅದರ ಒಳಗೆ, ಆ ಹೊತ್ತಿಗೆ ಯಾರೂ ಅಲ್ಲಿ ಸುಳಿಯುವಂತಿಲ್ಲ. ಬಟ್ಟಲು ಕಿತ್ತುಕೊಳ್ಳೋದು, ಊಟದಲ್ಲಿ ಕೈ ಆಡಿಸೋದು ಪೂರ್ತಿ ಬಂದ್. ನಾನು ಮಾತ್ರ ದಿನಾ ಆರೇಳು ಅಡಿ ದೂರದಿಂದ ಹಾಯುತ್ತಾ, ಬಟ್ಟಲಲ್ಲಿ ಇರುವುದಕ್ಕಿಂತ ರುಚಿಯಾದ್ದು ಒಂದು ಎಸೆದು, ನಿಲ್ಲದೆ ಹೋಗುತ್ತಿದ್ದೆ. ನಾಲ್ಕೈದು ವಾರಕ್ಕೆ ನನ್ನನ್ನ ಕಂಡ ಕೂಡಲೇ ಬಟ್ಟಲು ಬಿಟ್ಟು ಮುಖ ಎತ್ತಿ ಬಾಲ ಆಡಿಸಲು ಶುರು ಮಾಡಿದ.

ಆ ರುಚಿಯಾದ್ದು ಯಾವುದು ಅನ್ನೋದೇ ನಮ್ಮಂಥ ಮನೆಯಲ್ಲಿ ದೊಡ್ಡ ಕಷ್ಟ. ಮೊಟ್ಟೆ ಕೂಡ ಒಳಗೆ ಬಾರದ ಮನೆ ನಮ್ಮದು. ದೋಸೆ ಚೂರು, ಹಾಲಿನ ಕೆನೆ, ಬೆಲ್ಲ ಎಲ್ಲ ನೋಡಿದೆ, ಕೊನೆಗೌಡ ಎದುರಿಗೆ ಬಂದರೆ ಅವು ಯಾವುದೂ ಲೆಕ್ಕಕ್ಕಿಲ್ಲ. ಕೊನೆಗೆ ಕುಮಟಾದ ಸ್ನೇಹಿತನಿಂದ ಉಪ್ಪು ಹಾಕದೆ ಒಣಗಿಸಿದ ಸಿಗಡಿ ತರಿಸಿ, ಕೊಟ್ಟಿಗೆಯ ಮಾಡಿನಲ್ಲಿ ಡಬ್ಬಿ ತೂಗು ಹಾಕಿದೆ. ಆಯಿ ವಾರಗಟ್ಟಲೆ ಆ ಕಡೆ ಕಾಲಿಡಲಿಲ್ಲ. ತಿಂಗಳಿಗೆ ಐದಾರು ನೂರು ಖರ್ಚು. ಸಿಗಡಿ ಪುಡಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನ ಇಲ್ಲಿ ಹೇಳೋದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕೊಪ್ಪೆಯ ಹೆದರಿಕೆ ಬಿಡಿಸಲು ಎರಡೂವರೆ ತಿಂಗಳು ಹಿಡಿಯಿತು. ಮೊದಲು ಖಾಲಿ ಕೊಪ್ಪೆಯನ್ನ ಬಾವಿಯಾಚೆ ಗೂಟಕ್ಕೆ ತೂಗು ಹಾಕಿದೆ. ಆಮೇಲೆ ನಾನೇ ಹಾಕಿಕೊಂಡೆ. ಕೊನೆಗೆ ಕೊನೆಗೌಡ, ನಲವತ್ತು ಹೆಜ್ಜೆ ದೂರದಲ್ಲಿ. ಅವನು ಕಂಡ ಮೇಲೆ ಸಿಗಡಿ, ಮರೆಯಾದರೆ ಸಿಗಡಿ ಬಂದ್. ಇದು ಹಿಂದುಮುಂದು ಆಗಬಾರದು. ನಾನು ಮೊದಲ ವಾರ ಸಿಗಡಿ ತೋರಿಸಿ ಆಮೇಲೆ ಅವನನ್ನ ಕರೆಯುತ್ತಿದ್ದೆ, ಡಬ್ಬಿ ಸದ್ದಾದರೆ ಸಾಕು ಕಾಳು ಆಚೀಚೆ ನೋಡಿ ಬೊಗಳಲು ಕಲಿತ. ಗುರ್ ಅಂದರೆ ಬೈಯದೆ ಕಾಳು ಜೊತೆ ಐದು ಹೆಜ್ಜೆ ಹಿಂದೆ. ಕೊನೆಗೌಡನಿಗೆ ಪ್ರತಿ ಸಲ ಅರ್ಧ ತಾಸಿನ ಕೂಲಿ, ಎಲೆ ಅಡಿಕೆ ಕವಳ, ಚಾ. ಒಳ್ಳೆ ಮನುಷ್ಯ, ಮತ್ತೆ ಬರೋಕೆ ಒಪ್ಪಿದ. ಹತ್ತು ಹೆಜ್ಜೆಯೊಳಗೆ ಬರುವಾಗ ಬುಟ್ಟಿಯಂಥ ಬಾಯಿಕುಕ್ಕೆ ಹಾಕುತ್ತಿದ್ದೆ, ಏಳು ನೂರು ರೂಪಾಯಿ, ಹಾಕಿದಾಗಲೂ ನೀರು ಕುಡಿಯಲು, ನಾಲಿಗೆ ಚಾಚಲು ಆಗಬೇಕು. ಅದರೊಳಗೆ ತಾನಾಗೇ ಮೂತಿ ತೂರಿಸುವಂತೆ ಮೂರೇ ದಿನದಲ್ಲಿ ಮಾಡಿದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೇನೇನೋ ಮಾಡಿದೆ. ರೇಡಿಯೋ ಹಚ್ಚಿಟ್ಟೆ, ಪ್ರಯೋಜನ ಇಲ್ಲ. ಅಂಗಳದಲ್ಲಿ ಇಪ್ಪತ್ತು ಅಡಿಕೆ ಹಾಳೆ ಕವುಚಿ, ಏಳೆಂಟರ ಅಡಿ ಮಾತ್ರ ರೊಟ್ಟಿ ಚೂರು ಬಚ್ಚಿಟ್ಟೆ, ಅದು ಬಹಳ ಚೆನ್ನಾಗಿ ನಡೆಯಿತು. ಕಾಲು ಗಂಟೆ ಮೂಸಿ ಹುಡುಕಿದರೆ ಎರಡು ತಾಸು ಮಲಗುತ್ತಾನೆ.

ಈಗ ಕಾಳುಗೆ ಒಂದೂವರೆ ವರ್ಷ. ಊಟದ ಹೊತ್ತಿಗೆ ಮಕ್ಕಳನ್ನ ಇವತ್ತಿಗೂ ಹತ್ತಿರ ಬಿಡೋದಿಲ್ಲ, ಮುಂದೆಯೂ ಬಿಡೋದಿಲ್ಲ. ಆದರೆ ಈ ಸಲದ ಅಡಿಕೆ ಕೊನೆ ಕೊಯ್ಲಿನಲ್ಲಿ ಉದ್ದನೆಯ ದೋಟಿ ಕೋಲು ಕೈಜಾರಿ ಅಂಗಳದ ಅಂಚಿಗೆ ದಡ್ಡಂತ ಬಿದ್ದಾಗ, ಕೊನೆಗೌಡನ ಕಡೆ ಒಮ್ಮೆ ನೋಡಿ, ತಾನಾಗೇ ದಬ್ಬೆ ಗೇಟಿನ ಒಳಗೆ ಹೋಗಿ ಮಲಗಿದ. ಸಂಜೆ ಆಯಿ ಕೊಟ್ಟಿಗೆಯಿಂದ ಬರುತ್ತಾ ಹೇಳಿದಳು, "ತಮಾ, ಅದ್ರ ಡಬ್ಬಿ ಖಾಲಿ ಆಜು ನೋಡು, ಕುಮಟಾಕ್ಕೆ ಫೋನ್ ಮಾಡು."