ವಾಯಿದೆ, ಮಾತ್ರೆ, ಮತ್ತೆ ಜೈಲು

ತುಮಕೂರು ಜಿಲ್ಲೆಯಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಅಂದರೆ ಮಾನಸಿಕ ಕಾಯಿಲೆ ಇರುವವರಿಗೂ ಅವರ ಮನೆಯವರಿಗೂ ನೆರವಾಗುವ ಕೆಲಸ ನನ್ನದು; ಅಂಥ ಕೈದಿಗಳಿಗಾಗಿ ಜೈಲಿಗೂ ಹೋಗಿಬರುತ್ತೇನೆ. ಹೊರಗೆ ಹೋದವನು ಮತ್ತೆ ಒಳಗೆ ಬಂದರೆ ‘ಇವನಿಗೆ ಬುದ್ಧಿ ಬರಲ್ಲ’ ಅಂತ ಎಲ್ಲರೂ ಹೇಳಿಬಿಡುತ್ತಾರೆ. ಕೇಸಿನ ಕಾಗದ ತೆಗೆದು ನೋಡಿದರೆ ಎಷ್ಟೋ ಸಲ ಹೊಸ ಅಪರಾಧವೇ ಇರುವುದಿಲ್ಲ. ವಾಯಿದೆಗೆ ಬರಲಿಲ್ಲ, ವಾರಂಟ್ ಆಯಿತು, ಪೊಲೀಸರು ಹಿಡಿದು ತಂದರು. ವಾಯಿದೆಗೆ ಯಾಕೆ ಬರಲಿಲ್ಲ? ಮಾತ್ರೆ ನಿಂತಿತ್ತು. ಯಾರೂ ಇಲ್ಲದಾಗಲೂ ಕಿವಿಯಲ್ಲಿ ಮಾತು ಕೇಳಿಸುವವನಿಗೆ ಕೋರ್ಟಿನ ತಾರೀಕು ನೆನಪಿರುತ್ತಾ?

ಜಾಮೀನು ಆದೇಶ ಜೈಲಿಗೆ ತಲುಪುವುದು ಸಂಜೆ ಆಗಬಹುದು. ಪಾವಗಡದ ಕಡೆಯವನಾದರೆ ಬಸ್ಸಿನದೇ ಚಿಂತೆ. ಆ ಗಡಿಬಿಡಿಯಲ್ಲಿ ಮಾತ್ರೆ ಒಳಗೇ ಉಳಿಯುತ್ತದೆ. ಅದಕ್ಕೇ ನಾನು ಬಿಡುಗಡೆಗೆ ಕಾಯುವುದಿಲ್ಲ, ಮೊದಲ ಭೇಟಿಯಲ್ಲೇ ತಯಾರಿ ಶುರು. ಮಾತ್ರೆಯ ಹೆಸರು, ಎಷ್ಟು, ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ಚೀಟಿ ಬರೆದು ಅವನ ಸಾಮಾನಿನ ಜೊತೆ ಇಡಿಸುತ್ತೇನೆ. ಕೆಲವು ದಿನಕ್ಕಾಗುವಷ್ಟು ಮಾತ್ರೆಯನ್ನೂ ಕಟ್ಟಿಡಲು ಸಿಬ್ಬಂದಿಗೆ ಹೇಳುತ್ತೇನೆ. ದಿನಾ ನುಂಗುವುದು ಆಗದವರಿಗೆ, ಅವರು ಒಪ್ಪಿದರೆ, ಕೆಲವು ವಾರ ಕೆಲಸ ಮಾಡುವ ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡುತ್ತೇನೆ.

ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಕೇಸು ಅದೇ ತಾಲ್ಲೂಕಿನ ಕೋರ್ಟಿನಲ್ಲಿದ್ದರೆ, ಆದಷ್ಟು ಮಂಗಳವಾರವೇ ವಾಯಿದೆ ಕೇಳಿ ಎಂದು ಉಚಿತ ಕಾನೂನು ನೆರವಿನ ವಕೀಲರನ್ನು ಕೇಳಿಕೊಳ್ಳುತ್ತೇನೆ. ಒಂದೇ ಬಸ್ ಚಾರ್ಜಿನಲ್ಲಿ ಕೋರ್ಟೂ ಆಯಿತು, ಔಷಧಿಯೂ ಆಯಿತು. ಕೂಲಿ ಮಾಡುವ ಮನೆಗೆ ಇದು ಸಣ್ಣ ವಿಷಯವಲ್ಲ. ನನ್ನ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದೇ.

ಮನೆಯವರದು ಬೇರೆ ಕಷ್ಟ. ಮಧುಗಿರಿ ಕಡೆಯ ತಾಯಿಯೊಬ್ಬರು, “ಮೇಡಂ, ಅವ್ನು ಬಂದ್ರೆ ಊರೋರು ನಮ್ಮನ್ನ ಸುಮ್ನೆ ಬಿಡ್ತಾರಾ?” ಅಂದಿದ್ದರು. ಆ ಭಯ ಸುಳ್ಳಲ್ಲ. ಅವನು ಬರುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮನೆಗೆ ಹೋದೆ. “ಅಮ್ಮ, ನಿದ್ದೆ ಕೆಟ್ಟರೆ ಅದೇ ಮೊದಲ ಗುರುತು, ಗಲಾಟೆ ಆಗೋವರೆಗೂ ಕಾಯಬೇಡಿ” ಎಂದೆ. ಕುಡಿತದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಮಾತ್ರೆ ಬಿಟ್ಟು ಕುಡಿತ ಹಿಡಿದವರ ಮನೆಯಿಂದಲೇ ನನಗೆ ಹೊಡೆದಾಟದ ಸುದ್ದಿ ಜಾಸ್ತಿ ಬರುವುದು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಸೆಕ್ಷನ್ ಕಾಯಿಲೆ ಇರುವ ಕೈದಿಗಳ ಬಗ್ಗೆಯೇ ಇದೆ. ಜೈಲಿನೊಳಗಿನ ಚಿಕಿತ್ಸೆ ಯಾರ ದಯೆಯೂ ಅಲ್ಲ. ಹೊರಗೆ ಬಂದ ಮೇಲೆ ಅದನ್ನು ಕೈ ಹಿಡಿದು ಮುಂದುವರಿಸುವವರು ಒಬ್ಬರು ಬೇಕು. ಹಳ್ಳಿಯಲ್ಲಿ ನಾನು ಸದಾ ಸಿಗುವುದಿಲ್ಲ. ಹಾಗಾಗಿ ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಬರೆದಿರುತ್ತೇನೆ. ನಡುರಾತ್ರಿ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.