ಮಗಳ ಎಕ್ಸಿಮಾ ಹತೋಟಿಗೆ ಬಂದ ಬಗೆ

ಮಗಳಿಗೆ ನಾಲ್ಕು ವರ್ಷ. ಚಳಿ ಶುರುವಾದರೆ ಸಾಕು, ಮೊಣಕಾಲಿನ ಹಿಂದೆ, ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಕೆಂಪಗೆ ಏಳುತ್ತಿತ್ತು. ರಾತ್ರಿಯಿಡೀ ಕೆರೆತ. ಒಂದು ದಿನ ಬೆಳಗ್ಗೆ ನೋಡಿದರೆ ಕೆರೆದ ಜಾಗದಲ್ಲಿ ಕೀವು, ಮೇಲೆ ಜೇನಿನ ಬಣ್ಣದ ಹಕ್ಕಳೆ. ಸೋಂಕು ತಗುಲಿತ್ತು. ಅವತ್ತೇ ಡಾಕ್ಟರ ಹತ್ತಿರ ಓಡಿದೆವು.

ಸೋಂಕು ಆಂಟಿಬಯಾಟಿಕ್‌ನಿಂದ ವಾಸಿಯಾಯಿತು. ಅದು ಮತ್ತೆ ಬಾರದಂತೆ ಮಾಡಿದ್ದು ಮಾತ್ರ ನಮ್ಮ ಬಚ್ಚಲುಮನೆಯ ಬದಲಾವಣೆ. ಹಂಡೆಯ ಸುಡುನೀರು, ಕಡಲೆಹಿಟ್ಟು ಹಾಕಿ ಉಜ್ಜುವುದು, ಎರಡನ್ನೂ ಬಿಟ್ಟೆವು. ಅಜ್ಜಿಗೆ ಬೇಸರವಾಯಿತು, ಆದರೂ ಬಿಟ್ಟೆವು. ಈಗ ಉಗುರುಬೆಚ್ಚಗಿನ ನೀರು, 10 ನಿಮಿಷದೊಳಗೆ ಸ್ನಾನ, ಪರಿಮಳವಿಲ್ಲದ ಮೃದು ಸೋಪು. ಟವೆಲಿನಿಂದ ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ, 3 ನಿಮಿಷದೊಳಗೆ, ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚುತ್ತೇನೆ. ಡಬ್ಬಿಯೊಳಗೆ ಬೆರಳು ಹಾಕುವುದಿಲ್ಲ, ತೊಳೆದ ಚಮಚದಲ್ಲೇ ತೆಗೆಯುತ್ತೇನೆ. ಬೆರಳಿನ ಕೊಳೆ ಡಬ್ಬಿಗೆ ಸೇರಿದರೆ ಅದನ್ನೇ ದಿನಾ ಮೈಗೆ ಹಚ್ಚಿದ ಹಾಗೆ, ಅಲ್ವಾ?

ಮೊದಲು ಸ್ಟಿರಾಯ್ಡ್ ಮುಲಾಮಿಗೆ ಹೆದರಿ ಎರಡೇ ದಿನಕ್ಕೆ ನಿಲ್ಲಿಸುತ್ತಿದ್ದೆ. ಅದು ತಪ್ಪು. ಡಾಕ್ಟರು ಹೇಳಿದಷ್ಟು ದಿನ, ಕೆಂಪಾದ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿದ ಮೇಲೆಯೇ ತುರಿಕೆ ಇಳಿದದ್ದು. ಉಗುರು ಗಿಡ್ಡವಾಗಿರುತ್ತದೆ, ಬಟ್ಟೆ ಹತ್ತಿಯದು. ಕೀವು, ಜ್ವರ ಅಥವಾ ನೋಯುವ ನೀರುಗುಳ್ಳೆ ಕಂಡರೆ ಮನೆಮದ್ದು ಮಾಡುತ್ತಾ ಕೂರುವುದಿಲ್ಲ, ನೇರ ಆಸ್ಪತ್ರೆಗೆ.

ಈ ಚಳಿಗಾಲದಲ್ಲಿ ಅವಳು ರಾತ್ರಿಯಿಡೀ ನಿದ್ದೆ ಮಾಡಿದಳು.