ಅಮೆರಿಕದಲ್ಲಿ ಪಿಎಚ್.ಡಿ: ಸಿದ್ಧತೆ ಒಂದು ವರ್ಷ ಮೊದಲೇ ಶುರುವಾಗಲಿ

ಅಮೆರಿಕದಲ್ಲಿ ವಿಜ್ಞಾನ ವಿಷಯದ ಪಿಎಚ್.ಡಿಗೆ ಸೇರುವವರು ಸಾಮಾನ್ಯವಾಗಿ ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ. ಪಾಠ ಹೇಳುವ ಅಥವಾ ಪ್ರಯೋಗಾಲಯದಲ್ಲಿ ನೆರವಾಗುವ ಕೆಲಸ ಕೊಟ್ಟು, ಶುಲ್ಕ ಮನ್ನಾ ಮಾಡಿ, ಖರ್ಚಿಗೆ ಸ್ಟೈಪೆಂಡ್ ಕೊಡುತ್ತಾರೆ. ದೊಡ್ಡ ಸಾಲ ಬೇಕಾಗುವುದು ಹೆಚ್ಚಾಗಿ ಅಲ್ಲಿನ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಅದೆಲ್ಲ ನಮ್ಮಂಥವರಿಗಲ್ಲ’ ಎಂದು ಕೈಬಿಡುವ ಜಾಣ ವಿದ್ಯಾರ್ಥಿಗಳು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಈ ಲೇಖನ ಅವರಿಗಾಗಿ.

ತರಗತಿಗಳು ಶುರುವಾಗುವುದು ಆಗಸ್ಟ್ ಹೊತ್ತಿಗೆ. ಅರ್ಜಿಗೆ ಕೊನೆಯ ದಿನ ಹಿಂದಿನ ಡಿಸೆಂಬರ್ 1ರಿಂದ 15ರ ಆಸುಪಾಸು. ಹಾಗಾಗಿ ಎಂ.ಎಸ್ಸಿ. ಮೊದಲ ವರ್ಷದಲ್ಲೇ ಎಚ್ಚೆತ್ತುಕೊಳ್ಳಬೇಕು.

ಅರ್ಹತೆ ಮತ್ತು ಹೆಸರು

ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬಿ.ಎಸ್ಸಿ. ಮೇಲೆ ಎಂ.ಎಸ್ಸಿ. ಇದ್ದರೆ ಸಾಮಾನ್ಯವಾಗಿ ತೊಡಕಿಲ್ಲ, ಬರೀ ಬಿ.ಎಸ್ಸಿ. ಆಗಿದ್ದರೆ ವಿಭಾಗಕ್ಕೆ ಇಮೇಲ್ ಬರೆದು ಕೇಳಿಕೊಳ್ಳಿ. ಪಾಸ್‌ಪೋರ್ಟ್ ಈಗಲೇ ಮಾಡಿಸಿ. ನಮ್ಮ ಅಂಕಪಟ್ಟಿಗಳಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದ ಹೆಸರಾಗುತ್ತದೆ. ಪರೀಕ್ಷೆಗೂ ಅರ್ಜಿಗೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಬಳಸಿ.

ಶಿಫಾರಸು ಪತ್ರ

ಅರ್ಜಿಯ ಜೀವ ಇರುವುದು ಇಲ್ಲಿ. ಸಾಮಾನ್ಯವಾಗಿ ಮೂರು ಪತ್ರ ಬೇಕು. ‘ವಿಧೇಯ ವಿದ್ಯಾರ್ಥಿ, ನಡತೆ ಉತ್ತಮ’ ಎಂಬ ಪತ್ರದಿಂದ ಏನೂ ಪ್ರಯೋಜನವಿಲ್ಲ. ಪ್ರಯೋಗ ಕೈಕೊಟ್ಟಾಗ ನೀವು ಏನು ಮಾಡಿದಿರಿ, ಯಾವ ಪ್ರಶ್ನೆ ಕೇಳಿದಿರಿ ಎಂದು ಬರೆಯಬಲ್ಲ ಮೇಷ್ಟ್ರು ಬೇಕು. ಅಂಥವರು ಸಿಗಬೇಕಾದರೆ ಅವರ ಕೈಕೆಳಗೆ ಕೆಲಸ ಮಾಡಿರಬೇಕು. ಎಂ.ಎಸ್ಸಿ. ಪ್ರಾಜೆಕ್ಟನ್ನು ಬರೀ ಬೈಂಡಿಂಗ್ ಮಾಡಿಸಿ ಒಪ್ಪಿಸುವ ಕೆಲಸ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ. ಊರಾಚೆಯ ವಿಜ್ಞಾನಿಯೊಬ್ಬರು ನಿಮ್ಮ ಕೆಲಸ ನೋಡಿದಂತಾಗುತ್ತದೆ.

ಸೆಪ್ಟೆಂಬರ್ ಹೊತ್ತಿಗೆ ಎದುರಿಗೇ ಹೋಗಿ, ‘ಸರ್, ನನ್ನ ಬಗ್ಗೆ ಬಲವಾಗಿ ಬರೆಯಲು ಸಾಧ್ಯವೇ?’ ಎಂದು ಕೇಳಿ. ಅವರು ಹಿಂದೇಟು ಹಾಕಿದರೆ ಒತ್ತಾಯಿಸದೆ ಬೇರೆಯವರನ್ನು ನೋಡಿ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ’ ಎಂದರೆ ಒಪ್ಪಬೇಡಿ. ಅವರೊಡನೆ ಮಾಡಿದ ಕೆಲಸವನ್ನು ನೆನಪಿಸುವ ಒಂದು ಪುಟದ ಟಿಪ್ಪಣಿ, ಅಂಕಪಟ್ಟಿ, ಕೊನೆಯ ದಿನಾಂಕಗಳ ಪಟ್ಟಿ ಕೊಟ್ಟು, ಪತ್ರವನ್ನು ಅವರೇ ಬರೆಯುವಂತೆ ವಿನಂತಿಸಿ. ಅಪ್‌ಲೋಡ್ ಮಾಡುವ ಲಿಂಕ್ ನೇರವಾಗಿ ಅವರ ಇಮೇಲ್‌ಗೆ ಹೋಗುತ್ತದೆ. ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ಇದ್ದರೆ ಅದನ್ನೇ ಕೊಡಿ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ‘ಹೌದು’ ಎನ್ನುವುದೇ ವಾಡಿಕೆ.

ಪರೀಕ್ಷೆ, ಟ್ರಾನ್ಸ್‌ಕ್ರಿಪ್ಟ್

ಅಮೆರಿಕದ ಉನ್ನತ ಶಿಕ್ಷಣ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ ಈಗ ಬಹಳ ವಿಭಾಗಗಳಲ್ಲಿ ಕಡ್ಡಾಯವಲ್ಲ. ನಿಮ್ಮ ಪಟ್ಟಿಯಲ್ಲಿ ಯಾರೂ ಕೇಳದಿದ್ದರೆ ಆ ಹಣ ಉಳಿಸಿ. 2023ರ ಸೆಪ್ಟೆಂಬರ್‌ನಿಂದ ಅದು ಎರಡು ಗಂಟೆಯೊಳಗಿನ ಪರೀಕ್ಷೆ, ಅಂಕ 5 ವರ್ಷ ನಡೆಯುತ್ತದೆ. ಇಂಗ್ಲಿಷ್ ಜ್ಞಾನ ಅಳೆಯುವ ಟೋಫೆಲ್, ಐಇಎಲ್‌ಟಿಎಸ್ ಪರೀಕ್ಷೆಗಳ ಅಂಕಗಳು ಎರಡೇ ವರ್ಷ.

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ) ಪಡೆಯಲು ವಾರಗಟ್ಟಲೆ ಹಿಡಿಯಬಹುದು. ಆಗಸ್ಟ್‌ನಲ್ಲೇ ಶುಲ್ಕ ಕಟ್ಟಿ. ಅರ್ಜಿ ಹಾಕುವಾಗ ಸ್ಕ್ಯಾನ್ ಪ್ರತಿ ಸಾಕು ಎನ್ನುವವರೇ ಹೆಚ್ಚು.

ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್): ನಿಮ್ಮ ಉದ್ದೇಶ ಹೇಳುವ ಬರಹ

‘ಚಿಕ್ಕಂದಿನಿಂದಲೂ ವಿಜ್ಞಾನ ನನಗೆ ಇಷ್ಟ’ ಎಂಬ ಸಾಲು ಬೇಡ. ಮಾಡಿದ ಕೆಲಸ, ಅದರಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆ, ಅದಕ್ಕೆ ಆ ವಿಭಾಗದ ಯಾವ ಪ್ರಾಧ್ಯಾಪಕರ ಸಂಶೋಧನೆ ಹೊಂದುತ್ತದೆ ಎಂಬುದನ್ನು ಎರಡು ಪುಟದೊಳಗೆ ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ನಾಚಿಕೊಳ್ಳಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿದವರು ದುಡ್ಡು ಕೊಟ್ಟು ಬರೆಸಲು ಹೋಗುವುದುಂಟು. ಆ ಬರಹದಲ್ಲಿ ನಿಮ್ಮ ಯೋಚನೆ ಇರುವುದಿಲ್ಲ, ಓದುವ ಪ್ರಾಧ್ಯಾಪಕರಿಗೆ ಬೇಕಾದದ್ದು ಅದೊಂದೇ.

ಹಣ ಮತ್ತು ಉತ್ತರ

ಅರ್ಜಿ ಶುಲ್ಕ ಒಂದೊಂದಕ್ಕೆ ಸುಮಾರು 75ರಿಂದ 125 ಡಾಲರ್. ಕಷ್ಟವಿದ್ದರೆ ವಿನಾಯಿತಿ ಕೇಳಿ ವಿಭಾಗಕ್ಕೆ ಬರೆಯಿರಿ, ಕೆಲವರು ಕೊಡುತ್ತಾರೆ. ಆರೆಂಟು ಕಡೆ ಹಾಕಿದರೆ ಸಾಕು.

ಉತ್ತರಗಳು ಹೆಚ್ಚಾಗಿ ಫೆಬ್ರುವರಿ–ಮಾರ್ಚ್‌ನಲ್ಲಿ ಬರುತ್ತವೆ. ನೆರವಿನ ಜೊತೆ ಸೀಟು ಸಿಕ್ಕರೆ ಕೂಡಲೇ ಒಪ್ಪಬೇಕೆಂದಿಲ್ಲ: ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಸಮಯ ಕೊಡಲು ಒಪ್ಪಿಕೊಂಡಿವೆ. ಆ ಹೊತ್ತಿನಲ್ಲಿ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಬರೆದು, ಗೈಡ್ ಹೇಗೆ, ಸ್ಟೈಪೆಂಡ್ ಬಾಡಿಗೆಗೆ ಸಾಲುತ್ತದೆಯೇ ಎಂದು ಕೇಳಿ. ಒಪ್ಪಿದ ಮೇಲೆ, ಪ್ರವೇಶ ಖಚಿತಪಡಿಸಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ತರಿಸಿಕೊಂಡು ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಅರ್ಜಿ ಹಾಕಿ.